ಗಂಡಸರ ರೊಟ್ಟಿ ಸ್ಪರ್ಧೆಗೊಂದು ಪೋಸ್ಟರ್

ಕಲಬುರಗಿಯಲ್ಲಿ ಯಾವ ಕಾರ್ಯಕ್ರಮವಾದರೂ ಮೊದಲು ಏಳುವುದು ಫ್ಲೆಕ್ಸ್. ಫ್ಲೆಕ್ಸ್ ಅಂದರೆ ಸಾಲು ಸಾಲು ಮುಖಗಳು. ಏನು ಕಾರ್ಯಕ್ರಮ, ಎಷ್ಟು ಗಂಟೆಗೆ ಅನ್ನೋದು ಕೆಳಗಿನ ಮೂಲೆಯಲ್ಲಿ, ಅದೂ ಜಾಗ ಉಳಿದರೆ. ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ. ರೂಢಿ ಮಾತ್ರ ಹೋಗಿಲ್ಲ.

ನಮ್ಮ ಓಣಿಯವರು ಸಂಕ್ರಾಂತಿಗೆ ಗಂಡಸರಿಗಾಗಿ ಜೋಳದ ರೊಟ್ಟಿ ಬಡಿಯುವ ಸ್ಪರ್ಧೆ ಇಟ್ಟಾಗ ಪೋಸ್ಟರ್ ಕೆಲಸ ನನ್ನ ಪಾಲಿಗೆ ಬಂತು. ಕಾಗದದ ಮೇಲೆ, ಎ3 ಅಳತೆಯಲ್ಲಿ, ಒಂದೂ ಮುಖ ಹಾಕದೆ ಮಾಡುತ್ತೇನೆ ಅಂದೆ.

"ಫೋಟೋ ಇಲ್ಲಂದ್ರ ಯಾರ್ ನೋಡ್ತಾರಪಾ?" ಅಂದರು ಪಕ್ಕದ ಮನೆ ಕಾಕಾ.

"ರೊಟ್ಟಿದು ಇರ್ತದಲ್ರೀ ಕಾಕಾ."

ಅವರಿಗೆ ಅದು ಸಮಾಧಾನ ತರಲಿಲ್ಲ.

ಅವ್ವ ಬಡಿದ ರೊಟ್ಟಿಯನ್ನು ಸ್ಟೀಲ್ ತಟ್ಟೆಯಲ್ಲಿಟ್ಟು ಫೋಟೋ ತೆಗೆದೆ. ಬೆಳ್ಳಗಿನ ರೊಟ್ಟಿ, ಹೊಳೆಯುವ ತಟ್ಟೆ, ಏನೂ ಎದ್ದು ಕಾಣಲಿಲ್ಲ. ಹಂಚಿನ ಮೇಲಿದ್ದಾಗ ತೆಗೆದದ್ದೇ ಚೆಂದ. ಕರಿ ಹಂಚು, ನಡುವೆ ರೊಟ್ಟಿ, ಅಲ್ಲಲ್ಲಿ ಸುಟ್ಟ ಚುಕ್ಕೆ. ಇದಕ್ಕೆ ಕಲರ್ ಪ್ರಿಂಟ್ ಯಾಕೆ ಬೇಕು? ಹಳದಿ ಕಾಗದದ ಮೇಲೆ ಕಪ್ಪು ಜೆರಾಕ್ಸ್ ಸಾಕು, ದುಡ್ಡೂ ಉಳಿಯುತ್ತದೆ. ಆದರೆ ಜೆರಾಕ್ಸಿನಲ್ಲಿ ದೊಡ್ಡ ಕಪ್ಪು ಭಾಗ ಪಟ್ಟೆ ಪಟ್ಟೆಯಾಗಿ ಬರುತ್ತದೆ. ಹಾಗಾಗಿ ಹಂಚನ್ನು ದಪ್ಪ ಗೆರೆಯ ಒಂದು ವೃತ್ತ ಮಾಡಿದೆ, ಸುಟ್ಟ ಚುಕ್ಕೆಗಳನ್ನು ಕೈಯಲ್ಲೇ ಬಿಡಿಸಿದೆ. ವಿಷಯವೆಲ್ಲ ರೊಟ್ಟಿಯೊಳಗೆ.

ಅಕ್ಷರಕ್ಕೆ ‘ಬಾಲೂ ತಮ್ಮ’ ಅನ್ನೋ ಕನ್ನಡ ಫಾಂಟ್ ಆರಿಸಿದೆ. ಪುಕ್ಕಟೆ ಸಿಗುತ್ತದೆ, ದಪ್ಪಗೆ ದುಂಡಗೆ ಇದೆ, ಬೈಕಿನಲ್ಲಿ ಹೋಗುವವರಿಗೂ ಕಾಣುತ್ತದೆ. ಕನ್ನಡದಲ್ಲಿ ಸಾಲುಗಳನ್ನು ಒತ್ತೊತ್ತಾಗಿ ಇಡುವ ಹಾಗಿಲ್ಲ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಉರ್ದು ಇನ್ನೂ ಜಾಸ್ತಿ ಜಾಗ ಕೇಳುತ್ತದೆ. ನಮ್ಮ ಓಣಿಯಲ್ಲಿ ಉರ್ದು ಓದುವವರು ಬಹಳ, ಒಂದು ಸಾಲು ಹಾಕಲೇಬೇಕಿತ್ತು. ಉರ್ದು ಬರೆಯುವ ನಸ್ತಾಲಿಕ್ ಶೈಲಿ ಬಲದಿಂದ ಎಡಕ್ಕೆ ಇಳಿಜಾರಾಗಿ ಬರುತ್ತದೆ, ಎತ್ತರ ಸಾಲದಿದ್ದರೆ ನುಕ್ತೆಗಳು, ಅಂದರೆ ಅಕ್ಷರದ ಚುಕ್ಕೆಗಳು, ಮೇಲಿನ ಸಾಲಿಗೆ ಹೋಗಿ ಕೂಡುತ್ತವೆ. ಟೇಲರ್ ಚಾಚಾ ಕನ್ನಡಕ ಏರಿಸಿ ಓದಿ ಸರಿ ಅಂದ ಮೇಲೇ ಮುಂದಿನ ಕೆಲಸ.

ಪ್ರಿಂಟಿನ ಅಂಗಡಿಯಲ್ಲಿ ನನ್ನ ಫೈಲ್ ತೆರೆದರೆ ‘ರೊಟ್ಟಿ’ಯ ಒತ್ತು ಕಳಚಿ ಪಕ್ಕದಲ್ಲಿ ಬಿದ್ದಿತ್ತು. ಅವರದು ಹಳೇ ಸಾಫ್ಟ್‌ವೇರ್, ಯೂನಿಕೋಡ್ ಕನ್ನಡ ಅದಕ್ಕೆ ಆಗಿಬರುವುದಿಲ್ಲ. "ಕರ್ವ್ ಮಾಡಿ ಪಿಡಿಎಫ್ ತರ್ರಿ ಅಣ್ಣಾ" ಅಂದ ಹುಡುಗ. ಅಂದರೆ ಅಕ್ಷರಗಳನ್ನೆಲ್ಲ ಚಿತ್ರವಾಗಿಸಿ ತರೋದು, ಆಗ ಮಷೀನು ಫಾಂಟ್ ಹುಡುಕುವುದಿಲ್ಲ. ಕನ್ನಡದಲ್ಲಿ ಡಿಸೈನ್ ಮಾಡುವವರಿಗೆ ಈ ಒಂದು ಮಾತು ಗೊತ್ತಿದ್ದರೆ ಅರ್ಧ ತಲೆನೋವು ಕಡಿಮೆ.

ಇಷ್ಟರಲ್ಲಿ ಹೆಸರುಗಳ ತಕರಾರು ಎದ್ದಿತು. ಮುಖ ಬೇಡವಾದರೆ ಹೆಸರಾದರೂ ಇರಲಿ, ಅದೂ ಯಾರದು ಮೊದಲು? ಆ ಚರ್ಚೆ ರಾತ್ರಿ ಊಟದ ಹೊತ್ತು ಮೀರಿತು. ಕಡೆಗೆ ಅವ್ವನೇ ಒಳಗಿಂದ ಕೂಗಿದಳು: "ತೀರ್ಪು ಕೊಡೋರು ಓಣಿ ಆಯಿಗಳು ಅಂತ ಬರಿ, ಸಾಕು." ಬರೆದೆ. ಆಯಿಗಳ ಮೇಲೆ ತಮ್ಮ ಹೆಸರು ಬರಲಿ ಅನ್ನುವ ಧೈರ್ಯ ಒಬ್ಬರಿಗೂ ಇರಲಿಲ್ಲ. ಕಾಕಾ ಕೂಡ ಸುಮ್ಮನಾದರು.

ಕಿರಾಣಿ ಅಂಗಡಿ, ಚಹಾದಂಗಡಿ, ಗುಡಿಯ ಗೇಟು, ಎಲ್ಲ ಕಡೆ ಅಂಟಿಸಿದೆವು. ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಹಿಟ್ಟಿನ ಗಿರಣಿಯಲ್ಲಿದ್ದದ್ದು. ಅಲ್ಲಿ ಡಬ್ಬಿ ಇಟ್ಟು ಕಾಯುವವರಿಗೆ ಓದಲು ಬೇರೇನೂ ಇಲ್ಲವಲ್ಲ. ಸಂಜೆಯಷ್ಟರಲ್ಲಿ ಹಳದಿ ಕಾಗದ ಹಿಟ್ಟಿನ ಧೂಳಿಗೆ ಬಿಳಿಯಾಗುತ್ತಿತ್ತು, ಗಿರಣಿಯವರು ತಾವೇ ಬಟ್ಟೆಯಿಂದ ಒರೆಸುತ್ತಿದ್ದರು. ಕೇಳಿದವರಿಗೆಲ್ಲ ನಿಯಮವನ್ನೂ ಅವರೇ ಹೇಳುತ್ತಿದ್ದರು. ಜೊತೆಗೆ ತಮ್ಮದೊಂದು ಮಾತು: "ಹಳೇ ಹಿಟ್ಟಿಗೆ ಜಿಗಿ ಇರಂಗಿಲ್ಲ, ರೊಟ್ಟಿ ಹರೀತದ. ಮಾಲದಂಡಿ ಜೋಳ ತರ್ರಿ, ಅವತ್ತೇ ಬೀಸಿಕೊಡ್ತೀನಿ."