ದಸರಾ ಅಂದರೆ ರಾವಣನ ಹತ್ತು ತಲೆ ಅಲ್ವಾ?

ನಾನು ಮೈಸೂರಿನವನು. ಸಾಲದ್ದಕ್ಕೆ ಕನ್ನಡ ಮೇಷ್ಟ್ರು. ಇವೆರಡೂ ಒಬ್ಬನ ಮೇಲೇ ಬಿದ್ದರೆ ಏನಾಗುತ್ತದೆ ಅಂದರೆ, ಭಾದ್ರಪದ ಮುಗಿಯುವಷ್ಟರಲ್ಲಿ ಎಲ್ಲರೂ ಹಿಡಿದು ನಿಲ್ಲಿಸಿ ಕೇಳುತ್ತಾರೆ: "ಸಾರ್, ದಸರಾ ಅನ್ನೋದರ ಅಸಲಿ ಅರ್ಥ ಏನು?" ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಆ "ಅಸಲಿ" ಅನ್ನುವ ಮಾತೇ ನನಗೆ ಆಗಿಬರುವುದಿಲ್ಲ. ಹಾಗೆ ಕೇಳುವವರ ಜೇಬಿನಲ್ಲಿ ಉತ್ತರ ಆಗಲೇ ಇರುತ್ತದೆ. ನಾನು ಅದಕ್ಕೆ ಸೀಲು ಒತ್ತಿಕೊಟ್ಟರೆ ಸಾಕು.

ಒಂದು ಗೃಹಪ್ರವೇಶದ ಊಟದಲ್ಲಿ ಪಕ್ಕದ ಎಲೆಗೆ ಕೂತಿದ್ದವರು ಅದನ್ನೂ ಕೇಳಲಿಲ್ಲ, ನೇರವಾಗಿ ಪಾಠವನ್ನೇ ಶುರು ಮಾಡಿದರು. "ದಶ ಅಂದ್ರೆ ಹತ್ತು. ಹರಾ ಅಂದ್ರೆ ತೆಗೆಯೋದು. ರಾವಣನ ಹತ್ತು ತಲೆ ತೆಗೆದ ದಿನ. ಹೌದು ತಾನೆ? ಮತ್ತೆ ನಿಮ್ಮ ಮೈಸೂರಲ್ಲಿ ರಾವಣನ್ನ ಯಾಕ್ರೀ ಸುಡಲ್ಲ? ಅರ್ಥಾನೇ ಗೊತ್ತಿಲ್ದೆ ಆನೆ ಮೆರವಣಿಗೆ ಮಾಡ್ತೀರಲ್ಲ!" ಆಗ ಬಾಯಲ್ಲಿ ಹೋಳಿಗೆ ಇತ್ತು. ಅದು ಇಳಿಯುವಷ್ಟರಲ್ಲಿ ಅವರು ಆಚೆ ಬದಿಯವರ ಹತ್ತಿರ ರಿಯಲ್ ಎಸ್ಟೇಟ್ ಮಾತಾಡುತ್ತಿದ್ದರು. ಆವತ್ತು ಬಾಕಿ ಉಳಿದ ಉತ್ತರ ಇದು.

ದಶಹರಾ ಅನ್ನುವುದು ಸಂಸ್ಕೃತದ ಮಾತು, ಹತ್ತನ್ನು ಕಳೆಯುವುದು ಅಂತ ಅರ್ಥ. ಅಲ್ಲಿಯವರೆಗೆ ಸರಿ. ಆದರೆ ಯಾವ ಹತ್ತು? ಅದೇ ಹೆಸರಿನ ಇನ್ನೊಂದು ಹಬ್ಬ ಇದೆ, ಗಂಗಾ ದಶಹರಾ. ಅದು ಬರುವುದು ಜ್ಯೇಷ್ಠ ಶುದ್ಧ ದಶಮಿಗೆ. ನಮ್ಮ ದಸರಾಕ್ಕೂ ಅದಕ್ಕೂ ನಾಲ್ಕು ತಿಂಗಳ ಅಂತರ. ಅಲ್ಲಿ ಕಳೆಯಬೇಕಾದ ಹತ್ತು ಅಂದರೆ ಹತ್ತು ಪಾಪ. ಮೈಯಿಂದ ಮಾಡುವುದು ಮೂರು, ಮನಸ್ಸಿನಿಂದ ಮಾಡುವುದು ಮೂರು, ಮಾತಿನಿಂದ ಮಾಡುವುದು ನಾಲ್ಕು. ಮಾತಿನದ್ದೇ ಜಾಸ್ತಿ, ನೋಡಿ. ಒರಟು ಮಾತು, ಸುಳ್ಳು, ಚಾಡಿ, ಆಮೇಲೆ ತಲೆಬುಡವಿಲ್ಲದ ಹರಟೆ. ನಾಲ್ಕನೆಯದನ್ನು ಓದುವಾಗ ನನಗೆ ಆ ಪಕ್ಕದ ಎಲೆಯವರು ನೆನಪಾಗುತ್ತಾರೆ.

ಇದೇ ಹೆಸರನ್ನು ಆಶ್ವಯುಜದ ದಶಮಿಗೆ ಹೊಂದಿಸಿದಾಗ ರಾವಣನ ಹತ್ತು ತಲೆ ಚೆನ್ನಾಗಿ ಕೂತುಕೊಂಡಿತು. ತಪ್ಪೇನಿಲ್ಲ. ರಾಮಲೀಲೆ ನಡೆಯುವ ಊರಿನಲ್ಲಿ ಆ ಅರ್ಥವೇ ಅರ್ಥ. ಆದರೆ ಹೆಸರು ಒಂದು ಕಥೆಗೆ ಒಪ್ಪಿತು ಅಂದ ಮಾತ್ರಕ್ಕೆ ಹಬ್ಬ ಪೂರ್ತಿ ಆ ಕಥೆಯದ್ದೇ ಆಗುವುದಿಲ್ಲವಲ್ಲ. ಮೈಸೂರಿನಲ್ಲಿ ಚಾಮುಂಡಿ ಕೊಂದದ್ದು ಮಹಿಷಾಸುರನನ್ನು. ಅವನಿಗೆ ಇದ್ದದ್ದು ಒಂದೇ ತಲೆ. ಬನ್ನಿ ಮರದ ಕಥೆಯಲ್ಲಂತೂ ರಾವಣನೂ ಇಲ್ಲ, ಮಹಿಷನೂ ಇಲ್ಲ. ಅಜ್ಞಾತವಾಸದ ಪಾಂಡವರು ಆಯುಧ ಬಚ್ಚಿಟ್ಟ ಮರ ಅದು. ಸರಿ, ದಕ್ಷಿಣದವರಿಗೆ ಗೊತ್ತಿಲ್ಲ ಅಂತಲೇ ಇಟ್ಟುಕೊಳ್ಳಿ. ಹಿಮಾಚಲದ ಕುಲ್ಲೂನಲ್ಲಿ ದಸರಾ ಶುರುವಾಗುವುದೇ ವಿಜಯದಶಮಿಯ ದಿನ. ರಘುನಾಥನ ರಥ ಎಳೆಯುತ್ತಾರೆ, ರಾವಣನ ಗೊಂಬೆ ಸುಡುವುದಿಲ್ಲ. ಛತ್ತೀಸಗಢದ ಬಸ್ತರ್ ದಸರಾ 75 ದಿನ ನಡೆಯುತ್ತದೆ. ಅದು ದಂತೇಶ್ವರಿಯ ಹಬ್ಬ, ಅಲ್ಲೂ ರಾವಣ ಸುಡುವುದಿಲ್ಲ. ಅವರಿಗೂ ಹೋಗಿ ಅರ್ಥ ಹೇಳಿಕೊಟ್ಟು ಬರುತ್ತೀರಾ?

ದಸರಾ ಸರಿಯೋ ದಸರೆ ಸರಿಯೋ ಅಂತ ಕೇಳುವವರಿಗೆ: ಎರಡೂ ಸರಿ. ಗಂಗಾ ನಮ್ಮ ಬಾಯಲ್ಲಿ ಗಂಗೆ ಆದ ಹಾಗೆ ದಸರಾ ದಸರೆ ಆಗಿದೆ.

ಇಷ್ಟು ಹೇಳಿದ ಮೇಲೆ ನನ್ನದೂ ಒಂದು ತಕರಾರಿದೆ. ಇಷ್ಟೊಂದು ಜನ ದಸರಾ ಅನ್ನುವ ಹೆಸರನ್ನು ಹಿಡಿದು ಎಳೆದಾಡುತ್ತಾರೆ, ಆದರೆ "ನಿಮ್ಮ ಅಜ್ಜಿ ಈ ಹಬ್ಬಕ್ಕೆ ಏನಂತಿದ್ದರು?" ಅಂತ ಒಬ್ಬರೂ ಕೇಳಿಲ್ಲ.

ನಮ್ಮಜ್ಜಿ ಮಾರ್ನಮಿ ಅಂತಿದ್ದರು. ದಸರಾ ಅನ್ನುವುದು ಅವರಿಗೆ ಅರಮನೆಯ ಮುಂದೆ ನಡೆಯುವ ಸಂಗತಿ, ವಸ್ತುಪ್ರದರ್ಶನ, ದೀಪ, ಜನಜಾತ್ರೆ. ಮನೆಯಲ್ಲಿ ಆಗುತ್ತಿದ್ದದ್ದು ಮಾರ್ನಮಿ. ಮಹಾನವಮಿ ಜನರ ಬಾಯಲ್ಲಿ ಸವೆದು ಸವೆದು ಹೀಗಾಗಿದೆ. ಉತ್ತರ ಕರ್ನಾಟಕದಲ್ಲಿ ಮಾನಾಮಿ, ತುಳುವಿನಲ್ಲಿ ಮಾರ್ನೆಮಿ. ಮಂಗಳೂರು ಕಡೆ ಹುಲಿವೇಷ ಕುಣಿಯುವುದು ಈ ಮಾರ್ನೆಮಿಗೇ. ಇನ್ನು ಹಳೇ ಮೈಸೂರಿನ ಹಳ್ಳಿಗಳಲ್ಲಿ ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಹಿರಿಯರಿಗೆ ಎಡೆ ಇಡುವ ಹಬ್ಬಕ್ಕೂ ಮಾರ್ನಮಿ, ಮಾರ್ಲಮಿ ಅನ್ನುವವರಿದ್ದಾರೆ. ಸತ್ತವರಿಗೆ ಎಡೆ, ಮರುದಿನದಿಂದ ದೇವಿಗೆ ಪೂಜೆ, ಎರಡಕ್ಕೂ ಒಂದೇ ಹೆಸರು! ಅಸಲಿ ಅರ್ಥ ಹುಡುಕುವವರು ಇದನ್ನು ಬಿಡಿಸಲಿ ನೋಡೋಣ.

ಹಂಪಿಗೆ ಹೋದವರು ದೊಡ್ಡ ಕಲ್ಲಿನ ವೇದಿಕೆ ಹತ್ತಿ ಫೋಟೋ ತೆಗೆಸಿಕೊಂಡಿರುತ್ತೀರಿ. ಅದು ದಸರಾ ದಿಬ್ಬ ಅಲ್ಲ, ಮಹಾನವಮಿ ದಿಬ್ಬ. ವಿಜಯನಗರದ ಅರಸರ ಈ ಉತ್ಸವವನ್ನು ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ಪೋರ್ಚುಗಲ್‌ನ ಡೊಮಿಂಗೊ ಪಾಯೆಸ್ ಕಣ್ಣಾರೆ ನೋಡಿ ಬರೆದಿಟ್ಟಿದ್ದಾನೆ. ಆನೆ, ಕುದುರೆ, ಕುಸ್ತಿ, ಕುಣಿತ, ಬಾಣಬಿರುಸು ಎಲ್ಲ ಇದೆ ಅದರಲ್ಲಿ. 1565ರ ಯುದ್ಧದಲ್ಲಿ ಸೋತ ಮೇಲೆ ಹಂಪಿ ಹಾಳಾಯಿತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ತೆಗೆದುಕೊಂಡು ಅದೇ ವರ್ಷ ಅಲ್ಲಿ ಈ ಹಬ್ಬವನ್ನು ಮತ್ತೆ ಶುರು ಮಾಡಿದರು. ಮೈಸೂರು ದಸರಾದ ಬೇರು ಅಲ್ಲಿದೆ. ಅರ್ಥ ಗೊತ್ತಿಲ್ಲದೆ ಆನೆ ಮೆರೆಸಿದ್ದಲ್ಲ ಸ್ವಾಮಿ.

ಅರಮನೆಯವರಿಗೆ ಹತ್ತನೆಯ ದಿನ ದೊಡ್ಡದು, ಸವಾರಿ ಹೊರಡುವುದು ಆವತ್ತು. ದುಡಿಯುವವರ ಮನೆಗಳಲ್ಲಿ ಒಂಬತ್ತನೆಯ ದಿನವೇ ದೊಡ್ಡದು ಅಂತ ನನಗೆ ಅನಿಸುತ್ತದೆ. ಮಚ್ಚು, ಕುಡುಗೋಲು, ನೇಗಿಲು, ಈಗ ಲೇತ್ ಮಷೀನು, ಆಟೋ, ಲಾರಿ, ಎಲ್ಲಕ್ಕೂ ಕುಂಕುಮ ಬೀಳುವುದು ನವಮಿಗೆ. ಮನೆಯ ಹೆಸರು ಮಹಾನವಮಿಗೆ ಅಂಟಿಕೊಂಡಿದ್ದರಲ್ಲಿ ಆಶ್ಚರ್ಯವಿಲ್ಲ. ದಶಮಿಗೆ ಉತ್ತರ ಕರ್ನಾಟಕದವರು ಬನ್ನಿ ಎಲೆ ಕೊಟ್ಟು "ಬಂಗಾರದ್ಹಂಗ ಇರೋಣು" ಅಂತಾರೆ. ಇಡೀ ಹಬ್ಬದಲ್ಲಿ ನನಗೆ ತುಂಬಾ ಇಷ್ಟವಾದ ಮಾತು ಅದು. ಅದರ ಅರ್ಥವನ್ನು ಮಾತ್ರ ಇದುವರೆಗೆ ಯಾರೂ ಕೇಳಿಲ್ಲ, ಪುಣ್ಯ.

ಮಗುವಿನ ಪ್ರಾಜೆಕ್ಟಿಗೆ ಒಂದೇ ಸಾಲು ಬೇಕು ಅನ್ನುವ ಅಪ್ಪ ಅಮ್ಮಂದಿರು "ದಶಹರಾ, ಹತ್ತನ್ನು ಕಳೆಯುವುದು" ಅಂತ ಬರೆಸಿ. ಮಾರ್ಕ್ಸ್ ಬರುತ್ತದೆ. ಕೆಳಗೆ ಜಾಗ ಉಳಿದರೆ ನಿಮ್ಮ ಮನೆಯ ಹಿರಿಯರು ಈ ಹಬ್ಬಕ್ಕೆ ಏನನ್ನುತ್ತಾರೆ ಅಂತ ಫೋನ್ ಮಾಡಿ ಕೇಳಿ, ಅದನ್ನೂ ಬರೆಸಿ.