ಒತ್ತಕ್ಷರ ಕಳಚಿದ ರಸೀದಿ

ಧಾರವಾಡದ ಒಂದು ಸಣ್ಣ ಪುಸ್ತಕ ಪ್ರಕಾಶನದ ಜಾಲತಾಣವನ್ನು ನಾನು ಕೆಲವು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಜಾಲತಾಣ ಕಟ್ಟಲು ಬಳಸುವ ವರ್ಡ್‌ಪ್ರೆಸ್ ಎಂಬ ತಂತ್ರಾಂಶದ ಮೇಲೆ ನಿಂತಿರುವ ಆ ತಾಣದಲ್ಲಿ ಬಹುಕಾಲ ಎಲ್ಲವೂ ಉಚಿತ ಪ್ಲಗಿನ್‌ಗಳಿಂದಲೇ, ಅಂದರೆ ಅದಕ್ಕೆ ಹೊಸ ಸೌಲಭ್ಯ ಸೇರಿಸುವ ಸಣ್ಣ ತಂತ್ರಾಂಶಗಳಿಂದಲೇ, ನಡೆಯುತ್ತಿತ್ತು. ವರ್ಡ್‌ಪ್ರೆಸ್‌ನ ಅಧಿಕೃತ ಭಂಡಾರದಲ್ಲಿ 50 ಸಾವಿರಕ್ಕೂ ಹೆಚ್ಚು ಉಚಿತ ಪ್ಲಗಿನ್‌ಗಳು ಇರುವಾಗ ಹಣ ಕೊಟ್ಟು ಕೊಳ್ಳುವುದು ದುಂದುವೆಚ್ಚವೆಂದೇ ನಾನೂ ನಂಬಿದ್ದೆ.

ತೊಂದರೆ ಶುರುವಾದದ್ದು ರಸೀದಿಯಿಂದ. ಓದುಗರು ತಾಣದ ಫಾರ್ಮ್ ತುಂಬಿ ಪುಸ್ತಕ ಕೇಳಿದರೆ ಅವರಿಗೆ ಪಿಡಿಎಫ್ ರಸೀದಿ ಹೋಗಬೇಕಿತ್ತು. ನಾನು ಹಾಕಿದ್ದ ಉಚಿತ ಪ್ಲಗಿನ್ ಇಂಗ್ಲಿಷ್ ಹೆಸರುಗಳನ್ನು ಚೆನ್ನಾಗಿಯೇ ಅಚ್ಚು ಮಾಡುತ್ತಿತ್ತು. ಆದರೆ ಕೃಷ್ಣಪ್ಪ ಎಂಬ ಹೆಸರು ಬಂದರೆ ಒತ್ತಕ್ಷರಗಳು ಕಳಚಿ, ಪಕ್ಕದಲ್ಲಿ ಬೇರೆ ಅಕ್ಷರಗಳಂತೆ ಸಾಲಾಗಿ ನಿಲ್ಲುತ್ತಿದ್ದವು. ಕನ್ನಡದ ವ್ಯಂಜನಗಳನ್ನು ಕೂಡಿಸಿ ಗುಣಿತ, ಒತ್ತುಗಳನ್ನು ಸರಿಯಾದ ಜಾಗದಲ್ಲಿ ಕೂರಿಸುವ ಶಕ್ತಿ ಪಿಡಿಎಫ್ ತಯಾರಿಸುವ ಎಲ್ಲ ತಂತ್ರಾಂಶಗಳಿಗೂ ಇಲ್ಲ. ಎಂಪಿಡಿಎಫ್ ಎಂಬುದಕ್ಕೆ ಇದೆ. ಅದನ್ನು ಬಳಸುವ ಗ್ರ್ಯಾವಿಟಿ ಪಿಡಿಎಫ್ ಎಂಬ ಪ್ಲಗಿನ್ ಉಚಿತವಾಗಿಯೇ ಸಿಗುತ್ತದೆ. ಆದರೆ ಅದು ಕೆಲಸ ಮಾಡಲು ಫಾರ್ಮ್ ತಯಾರಿಸುವ ಗ್ರ್ಯಾವಿಟಿ ಫಾರ್ಮ್ಸ್ ಎಂಬ ಪ್ಲಗಿನ್ ಇರಬೇಕು, ಅದಕ್ಕೆ ವರ್ಷಕ್ಕೆ 59 ಡಾಲರ್ ಕೊಡಬೇಕು.

ಇಲ್ಲಿ ನಾನು ಮಾಡಿದ ತಪ್ಪನ್ನು ಮುಚ್ಚಿಡುವುದಿಲ್ಲ. ಹಣ ಕೊಟ್ಟು ಕೊಳ್ಳಬೇಕಾದ ಪ್ಲಗಿನ್‌ಗಳನ್ನು ಪುಕ್ಕಟೆ ಹಂಚುವ ಒಂದು ತಾಣದಿಂದ ಗ್ರ್ಯಾವಿಟಿ ಫಾರ್ಮ್ಸ್‌ನ ಪ್ರತಿಯನ್ನು ಇಳಿಸಿಕೊಂಡೆ. ವರ್ಡ್‌ಪ್ರೆಸ್‌ನಂತೆ ಅದರ ಬಹುತೇಕ ಪ್ಲಗಿನ್‌ಗಳೂ ಯಾರು ಬೇಕಾದರೂ ಬಳಸಿ ಹಂಚಲು ಬಿಡುವ ಜಿಪಿಎಲ್ ಪರವಾನಗಿಯಡಿ ಬರುವುದರಿಂದ ಪ್ರತಿ ಮಾಡಿ ಹಂಚುವುದಕ್ಕೆ ಅಡ್ಡಿಯಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದು ಎನ್ನುತ್ತಾರೆ. ಈ ಎಮ್ಮೆಯದನ್ನು ಎಣಿಸಲೇಬೇಕಿತ್ತು.

ರಾಜ್ಯೋತ್ಸವಕ್ಕೆ ಎರಡು ದಿನ ಮುಂಚೆ, ರಿಯಾಯಿತಿ ಮಾರಾಟದ ಪ್ರಕಟಣೆ ಹೋದ ಬೆಳಿಗ್ಗೆಯೇ ಪ್ರಕಾಶಕರ ಕರೆ ಬಂತು. "ಸರ, ಮೊಬೈಲಿನ್ಯಾಗ ನಮ್ಮ ಪುಸ್ತಕದ ಬದಲಿ ಇಸ್ಪೀಟ್ ಆಟ ಬರಾಕತ್ತೈತಿ ಅಂತ ಮಂದಿ ಹೇಳಾಕತ್ತಾರ್ರಿ." ನಾನು ಲ್ಯಾಪ್‌ಟಾಪಿನಲ್ಲಿ ನೋಡಿದರೆ ತಾಣ ಎಂದಿನಂತೆಯೇ ಇತ್ತು. ಗೂಗಲ್‌ನಲ್ಲಿ ಹುಡುಕಿ ಮೊಬೈಲಿನಿಂದ ಬಂದವರನ್ನು ಮಾತ್ರ ಜೂಜಿನ ತಾಣಕ್ಕೆ ದಾಟಿಸುವ, ಲಾಗಿನ್ ಆಗಿರುವ ನನ್ನಂಥವರಿಗೆ ಏನೂ ಕಾಣಿಸದ ಏರ್ಪಾಡು ಅದು. ಇದು ತಿಳಿಯುವಷ್ಟರಲ್ಲಿ ಮಧ್ಯಾಹ್ನವಾಗಿತ್ತು.

ಪುಕ್ಕಟೆ ಇಳಿಸಿಕೊಂಡಿದ್ದ ಆ ಪ್ಲಗಿನ್ ತೆಗೆದರೂ ಕಾಟ ನಿಲ್ಲಲಿಲ್ಲ. ನಿರ್ವಾಹಕರ ಪಟ್ಟಿಯ ಪುಟದಲ್ಲಿ ನನ್ನ ಮತ್ತು ಪ್ರಕಾಶಕರ ಹೆಸರು ಮಾತ್ರ ಇದ್ದವು. ಡೇಟಾಬೇಸ್ ತೆರೆದು ನೋಡಿದರೆ ಮೂರನೆಯ ಹೆಸರೊಂದು ಇತ್ತು. ಪ್ಲಗಿನ್‌ಗಳ ಮಾಮೂಲಿ ಪಟ್ಟಿಯಲ್ಲಿ ಸೇರದೆ ತಾನಾಗಿಯೇ ಚಾಲೂ ಆಗುವ ಕಡತಗಳಿಗೆಂದು ವರ್ಡ್‌ಪ್ರೆಸ್‌ನಲ್ಲಿ ಎಂಯು-ಪ್ಲಗಿನ್ಸ್ ಎಂಬ ಫೋಲ್ಡರ್ ಇರುತ್ತದೆ, ಅಲ್ಲಿ ನಾನು ಇಡದ ಒಂದು ಕಡತ ಕುಳಿತಿತ್ತು. ಬ್ಯಾಕಪ್ ಇತ್ತಾದರೂ ಅದು ಅದೇ ಸರ್ವರಿನಲ್ಲಿತ್ತು, ಮೇಲಾಗಿ ಸೋಂಕು ತಗುಲಿದ ನಂತರದ ಪ್ರತಿಗಳೇ ಉಳಿದಿದ್ದವು. ಕೊನೆಗೆ ವರ್ಡ್‌ಪ್ರೆಸ್ ಅನ್ನೂ ಪ್ಲಗಿನ್‌ಗಳನ್ನೂ ಅಧಿಕೃತ ಮೂಲಗಳಿಂದ ಹೊಸದಾಗಿ ಹಾಕಿ, ಡೇಟಾಬೇಸಿನಲ್ಲಿ ಬರಹ, ಚಿತ್ರಗಳ ವಿವರ ಬಿಟ್ಟು ಉಳಿದುದನ್ನೆಲ್ಲ ಒಂದೊಂದಾಗಿ ನೋಡಿ, ಗುಪ್ತಪದಗಳನ್ನೆಲ್ಲ ಬದಲಿಸಿ ಮುಗಿಸಿದಾಗ ರಾತ್ರಿ ಎರಡು ಗಂಟೆ.

ಮರುದಿನ, ಹೆದರಿದವರು ಮಾಡುವಂತೆ, ಕಂಡದ್ದನ್ನೆಲ್ಲ ಕೊಳ್ಳಲು ಹೊರಟೆ. ಒಂದು ಹಾಳೆಯಲ್ಲಿ ಬರೆದ ಐದು ಹೆಸರುಗಳಲ್ಲಿ ಮೂರು ಸಂಜೆಯೊಳಗೆ ಅಳಿಸಿಹೋದವು. ತಾಣ ಬೇಗ ತೆರೆಯಲು ಡಬ್ಲ್ಯುಪಿ ರಾಕೆಟ್ ಎಂಬ ಪ್ಲಗಿನ್ ಕೊಳ್ಳೋಣವೆಂದುಕೊಂಡಿದ್ದೆ. ನಮ್ಮದು ಲೈಟ್‌ಸ್ಪೀಡ್ ಸರ್ವರ್ ಆದ್ದರಿಂದ ಪುಟಗಳ ಸಿದ್ಧ ಪ್ರತಿ ಇಟ್ಟುಕೊಂಡು ಬೇಗ ಕೊಡುವ ಅದರದ್ದೇ ಉಚಿತ ಕ್ಯಾಶ್ ಪ್ಲಗಿನ್ ಸಾಕಾಯಿತು. ಬ್ಯಾಕಪ್ಪನ್ನು ಗೂಗಲ್ ಡ್ರೈವ್‌ಗೆ ಕಳಿಸುವುದನ್ನು ಅಪ್‌ಡ್ರಾಫ್ಟ್‌ಪ್ಲಸ್ ಎಂಬ ಪ್ಲಗಿನ್‌ನ ಉಚಿತ ಆವೃತ್ತಿಯೇ ಮಾಡುತ್ತದೆ, ಮೊದಲೇ ಹಾಗೆ ಮಾಡದಿದ್ದದ್ದು ನನ್ನ ಸೋಮಾರಿತನ. ಕನ್ನಡ ಶೀರ್ಷಿಕೆಯ ಪುಟಗಳ ವಿಳಾಸ ನಡುವೆಯೇ ತುಂಡಾಗುತ್ತಿದ್ದುದಕ್ಕೆ ಹುಡುಕಾಟದಲ್ಲಿ ಪುಟಗಳು ಸುಲಭವಾಗಿ ಸಿಗುವಂತೆ ಮಾಡುವ ಎಸ್‌ಇಒ ಪ್ಲಗಿನ್ ಒಂದನ್ನು ಕೊಳ್ಳುವ ಆಲೋಚನೆಯೂ ಇತ್ತು. ಅದರ ಕಾರಣ ಬೇರೆ: ವಿಳಾಸದಲ್ಲಿ ಕನ್ನಡದ ಒಂದು ಅಕ್ಷರವೋ ಗುಣಿತ ಚಿಹ್ನೆಯೋ ಒಂಬತ್ತು ಸಂಕೇತಗಳಾಗಿ ಬಿಡಿಸಿಕೊಳ್ಳುತ್ತದೆ, ವರ್ಡ್‌ಪ್ರೆಸ್ ಅದಕ್ಕೆ ಇಟ್ಟಿರುವ ಜಾಗ 200 ಸಂಕೇತಗಳಿಗೆ ಮಾತ್ರ, ಆದ್ದರಿಂದ ಅಂಥ ಅಕ್ಷರ, ಚಿಹ್ನೆಗಳು ಸುಮಾರು 22 ಆಗುವಷ್ಟರಲ್ಲಿ ಕತ್ತರಿ ಬೀಳುತ್ತದೆ. ರೋಮನ್ ಲಿಪಿಯಲ್ಲಿ ವಿಳಾಸವನ್ನು ಕೈಯಾರೆ ಬರೆದರೆ ಮುಗಿಯಿತು, ಒಂದು ರೂಪಾಯಿಯೂ ಬೇಡ.

ಉಳಿದ ಎರಡನ್ನು ಕೊಂಡೆ. ಒಂದು ಗ್ರ್ಯಾವಿಟಿ ಫಾರ್ಮ್ಸ್. ಇನ್ನೊಂದು, ಪುಟಗಳಿಗೆ ನಮಗೆ ಬೇಕಾದ ಮಾಹಿತಿಯ ಕಲಮುಗಳನ್ನು ಸೇರಿಸುವ ಎಸಿಎಫ್ ಪ್ರೋ ಎಂಬ ಪ್ಲಗಿನ್. ಒಂದೇ ಪುಸ್ತಕಕ್ಕೆ ಹಲವು ಮುದ್ರಣಗಳಿದ್ದು, ಪ್ರತಿಯೊಂದಕ್ಕೂ ವರ್ಷ, ಬೆಲೆ, ಐಎಸ್‌ಬಿಎನ್ ಬೇರೆ ಬೇರೆ ಇರುವಾಗ ಬೇಕಾದಷ್ಟು ಸಾಲು ಸೇರಿಸುತ್ತ ಹೋಗುವ ರಿಪೀಟರ್ ಸೌಲಭ್ಯ ಅದರ ಉಚಿತ ಆವೃತ್ತಿಯಲ್ಲಿಲ್ಲ. ಪ್ರಕಾಶಕರ ಮೇಜಿನ ಮೇಲಿದ್ದ ಹಳೆಯ ಸ್ಟಾಕ್ ಪುಸ್ತಕದ ಕಲಮುಗಳನ್ನೇ ಅದರಲ್ಲಿ ಹಾಗೆಯೇ ಇಳಿಸಿದೆ, ಅವರಿಗೆ ಹೊಸದಾಗಿ ಕಲಿಸಬೇಕಾದದ್ದು ಏನೂ ಉಳಿಯಲಿಲ್ಲ.

ಹಣ ಕಟ್ಟುವುದೂ ಸುಲಭವಾಗಲಿಲ್ಲ. ಮೊದಲು ಕಾರ್ಡಿನಲ್ಲಿ ವಿದೇಶಿ ವ್ಯವಹಾರದ ಅನುಮತಿ ತೆರೆಯಬೇಕಾಯಿತು. ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವ ಬಗ್ಗೆ ರಿಸರ್ವ್ ಬ್ಯಾಂಕಿನ ನಿಯಮಗಳು 2021ರ ಅಕ್ಟೋಬರ್‌ನಿಂದ ಬಿಗಿಯಾಗಿರುವುದರಿಂದ, ನವೀಕರಣವನ್ನು ಕಾರ್ಡಿಗೆ ಬಿಡದೆ ಪ್ರಕಾಶನದ ಖರ್ಚಿನ ಪುಸ್ತಕದಲ್ಲೇ ಬರೆಸಿದೆ. ಪ್ರಕಾಶಕರು ಅದನ್ನು ಕರೆಂಟ್ ಬಿಲ್ಲಿನ ಕೆಳಗೆ "ಫಾರ್ಮು ಬಾಡಿಗಿ" ಎಂದು ಬರೆದುಕೊಂಡರು. ಬಾಡಿಗೆಯಲ್ಲ, ವರ್ಷ ಮುಗಿದರೂ ಪ್ಲಗಿನ್ ನಿಲ್ಲುವುದಿಲ್ಲ, ಹೊಸ ಆವೃತ್ತಿಗಳು ಮತ್ತು ಕೇಳಿದಾಗ ಉತ್ತರ ಮಾತ್ರ ನಿಲ್ಲುತ್ತವೆ ಎಂದು ವಿವರಿಸಿದೆ. "ಹಂಗಾದ್ರ ಮುಂದಿನ ವರ್ಷ ಯಾಕ ಕೊಡಬೇಕ್ರಿ ಸರ?" ಎಂದರು. ಇಸ್ಪೀಟ್ ಆಟದ ವಿಷಯ ನೆನಪಿಸಿದೆ. ಅವರು ನಕ್ಕು, ಬರೆದದ್ದನ್ನು ಹೊಡೆದುಹಾಕದೆ, ಅದರ ಮುಂದೆ ಮುಂದಿನ ನವೆಂಬರದ ತಾರೀಖು ಹಾಕಿದರು. ಅಷ್ಟರಲ್ಲಿ ಕೃಷ್ಣಪ್ಪನವರ ರಸೀದಿ ಪ್ರಿಂಟರಿನಿಂದ ಹೊರಬಂದಿತ್ತು. ಷಕಾರದ ಕೆಳಗೆ ಣಕಾರದ ಒತ್ತು ಇರಬೇಕಾದಲ್ಲೇ ಇತ್ತು.