ಹ್ಯಾಂಡ್ ಬ್ರೇಕ್ ನಿಲ್ತಿಲ್ವಾ? ನಟ್ ಬಿಗಿ ಮಾಡೋ ಮುಂಚೆ ಚಕ್ರ ಎತ್ತಿ ನೋಡಿ

ಹೋದ ತಿಂಗಳು ಬಳ್ಳಾರಿಯಿಂದ ಸಂಡೂರಿಗೆ ಸಿಮೆಂಟ್ ಮೂಟೆ ಹಾಕ್ಕೊಂಡು ಹೋಗಿದ್ದೆ. ಏರಿನಲ್ಲಿ ಪಿಕಪ್ ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು, ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದೆ. ಬಾಗಿಲು ತೆಗೆಯುವಷ್ಟರಲ್ಲಿ ಗಾಡಿ ಮೆಲ್ಲಗೆ ಹಿಂದಕ್ಕೆ ಸರಿಯಿತು. ಹಿಂದೆ ಮೂಟೆ ಇಳಿಸೋಕೆ ನನ್ನ ತಮ್ಮ ನಿಂತಿದ್ದ. ಕಾಲಿನ ಬ್ರೇಕ್ ಒತ್ತಿ ಹಿಡಿದೆ, ಅವನು ಓಡಿ ಬಂದು ಚಕ್ರಕ್ಕೆ ಕಲ್ಲು ಕೊಟ್ಟ. ಎದೆ ಹೊಡ್ಕೊಳ್ಳೋದು ನಿಲ್ಲೋಕೆ ತುಂಬ ಹೊತ್ತು ಬೇಕಾಯಿತು.

ಇದಕ್ಕೂ ಮುಂಚೆ ಎರಡು ಸಲ ಗ್ಯಾರೇಜಿನಲ್ಲಿ ತೋರಿಸಿದ್ದೆ. ಎರಡು ಸಲವೂ ಕೆಳಗೆ ಮಲಗಿ ಲಿವರ್‌ನಿಂದ ಹಿಂದಿನ ಎರಡೂ ಚಕ್ರಕ್ಕೆ ಹೋಗೋ ಕೇಬಲ್‌ಗಳನ್ನ ಎಳೆದು ಹಿಡಿಯೋ ನಟ್ ಬಿಗಿ ಮಾಡಿ ಕಳಿಸಿದರು. ನಾಲ್ಕು ದಿನ ಚೆನ್ನಾಗಿತ್ತು. ಆಮೇಲೆ ಹಿಂದಿನ ಬಲಗಡೆ ಚಕ್ರದ ಬ್ರೇಕ್ ಡ್ರಮ್ ಮುಟ್ಟೋಕೆ ಆಗದಷ್ಟು ಕಾಯೋದು, ಸುಟ್ಟ ವಾಸನೆ ಬರೋದು ಶುರುವಾಯಿತು.

ಭಾನುವಾರ ನಾವೇ ಕೂತೆವು. ಸಮ ನೆಲ, ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು, ಹಿಂದೆ ಜಾಕಿ ಕೊಟ್ಟು ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿದೆವು. ಬರೀ ಜಾಕಿ ನಂಬಿ ಕೆಳಗೆ ಹೋಗಬೇಡಿ. ನಾನು ಹ್ಯಾಂಡ್ ಬ್ರೇಕ್ ಲಿವರ್ ಒಂದೊಂದೇ ಹಲ್ಲು (ಕಟ್ ಅಂತ ಸದ್ದು ಬರೋ ಒಂದೊಂದು ಹಂತ) ಎಳೆದೆ, ತಮ್ಮ ಚಕ್ರ ತಿರುಗಿಸಿ ನೋಡಿದ. ನಾಲ್ಕನೇ ಹಲ್ಲಿಗೆ ಬಲಗಡೆ ಹಿಡಿಯಿತು. ಎಡಗಡೆ ಚಕ್ರ ಮಾತ್ರ ಲಿವರ್ ಮೇಲಿನ ತನಕ ಎಳೆದರೂ ಆರಾಮಾಗಿ ತಿರುಗ್ತಾನೇ ಇತ್ತು. ಅಂದರೆ ಇಷ್ಟು ದಿನ ಲೋಡ್ ಗಾಡಿಯನ್ನ ಒಂದೇ ಚಕ್ರ ಹಿಡ್ಕೊಂಡಿತ್ತು!

ಡ್ರಮ್ ಬಿಚ್ಚಿ, ಎಡಗಡೆ ಕೇಬಲ್ ಕಳಚಿ ಇಕ್ಕಳದಲ್ಲಿ ಎಳೆದರೆ ಒಳಗಿನ ತಂತಿ ಅಲ್ಲಾಡಲೇ ಇಲ್ಲ. ತುದಿಯ ರಬ್ಬರ್ ಹರಿದಿತ್ತು. ಒಳಗೆ ಗ್ರೀಸು, ಕೆಂಪು ಧೂಳು ಎರಡೂ ಸೇರಿ ಇಟ್ಟಿಗೆ ಮಣ್ಣಿನ ಹಾಗೆ ಗಟ್ಟಿಯಾಗಿತ್ತು. ತೋರಣಗಲ್ಲು, ಸಂಡೂರು ಕಡೆ ಅದಿರಿನ ಲಾರಿಗಳ ಹಿಂದೆ ಓಡಾಡೋ ಗಾಡಿ, ಇನ್ನೇನಾಗುತ್ತೆ ಅಲ್ವಾ? ಎಡಗಡೆ ಕೇಬಲ್ ಒಳಗೇ ಸಿಕ್ಕಿಕೊಂಡಿದ್ದ ಮೇಲೆ, ನಟ್ ಬಿಗಿ ಮಾಡಿದ್ದೆಲ್ಲ ಬಲಗಡೆಯನ್ನೇ ಎಳೀತಿತ್ತು, ಅಲ್ಲಿ ಲೈನರ್ (ಡ್ರಮ್ಮಿಗೆ ಒತ್ತಿ ಚಕ್ರ ನಿಲ್ಲಿಸೋ ಪಟ್ಟಿ) ಯಾವಾಗಲೂ ಡ್ರಮ್ಮಿಗೆ ಉಜ್ಜುತ್ತಾ ಇದ್ದಿದ್ದು ಅದಕ್ಕೇ.

ಡ್ರಮ್ ಬಿಚ್ಚಿದ ಮೇಲೆ ಲೈನರ್ ಎಷ್ಟು ಸವೆದಿದೆ, ಬ್ರೇಕ್ ಆಯಿಲ್ ಸೋರಿ ಒದ್ದೆಯಾಗಿದೆಯಾ ಅಂತ ಖಂಡಿತ ನೋಡಿ. ಆಯಿಲ್ ಕುಡಿದ ಲೈನರ್ ಇದ್ದರೆ ಹೊಸ ಕೇಬಲ್ ಹಾಕಿಯೂ ಪ್ರಯೋಜನ ಇಲ್ಲ. ಒಳಗಿನ ಧೂಳನ್ನ ಊದಬೇಡಿ, ಹಳೇ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಹೊಸ ಕೇಬಲ್ ಹಾಕುವಾಗ ನಟ್ ಪೂರ್ತಿ ಸಡಿಲ ಇಟ್ಟೆವು. ಮೊದಲು ಡ್ರಮ್ ಒಳಗಿನ ಅಡ್ಜಸ್ಟರ್ ತಿರುಗಿಸಿ, ಲೈನರ್ ಡ್ರಮ್ಮಿಗೆ ಸ್ವಲ್ಪವೇ ತಾಗೋ ಹಾಗೆ ಮಾಡಿ, ಕಾಲಿನ ಬ್ರೇಕ್ ಹತ್ತು ಸಲ ಒತ್ತಿದ್ದಾಯಿತು. ಆಮೇಲೇ ನಟ್‌ಗೆ ಪಾನಾ ಹಾಕಿದ್ದು. ಈಗ ಆರನೇ ಹಲ್ಲಿಗೆ ಎರಡೂ ಚಕ್ರ ಹಿಡೀತವೆ, ಲಿವರ್ ಇಳಿಸಿದರೆ ಎರಡೂ ಸಲೀಸಾಗಿ ತಿರುಗ್ತವೆ.

ಬಲಗಡೆ ಕೇಬಲ್ಲಿನ ರಬ್ಬರ್ ಕೂಡ ಬಿರುಕು ಬಿಟ್ಟಿದೆ. ಈ ಭಾನುವಾರ ಅದನ್ನೂ ಬದಲಿಸ್ತೀವಿ.